ಷರಾ

ಆಗಿ ಹುಣ್ಣಿವಿ. ಚಿಂಚೋಳಿ ಅಡವ್ಯಾಗ
ಹಿಪ್ಪಿಗಿಡದ ಕವಲಿಗೆ ಕಟ್ಟಿದ ಅಟ್ಟದ ಮ್ಯಾಲ
ನಾ ಒಬ್ಬನೇ. ತೊಡಿ ಮ್ಯಾಲ ಇಲಾಖೆ ಫಾರಮ್ಮು,
ಕಿವಿಗೆ ಸಿಗಿಸಿದ ಪೆನ್ನು.
ಕೆಳಗ ಹಳ್ಳದ ನೀರು
ಎಮ್ಮಿ ಚರ್ಮ ಹಾಸಿದಷ್ಟೇ ಉಳದದ.

ಹತ್ತರ ಸುಮಾರಿಗೆ ಹಂದಿ, ಏಳು. ಬರದೆ.
ಹನ್ನೊಂದಕ್ಕ ಮುಳ್ಳಹಂದಿ, ಮುಳ್ಳು ಜಾಡಿಸಿಕೋತ
ಮನಿ ಯಜಮಾನ ಬಂದಂಗ ಬಂತು. ಬರದೆ.
ಒಂದು ತ್ವಾಳ, ಕುಡೀಲಿಲ್ಲ, ಗಾಳಿ ಮೂಸಿ ಹೋತು.
ಅದನ್ನ ಬರೀಬೇಕೋ ಬ್ಯಾಡೋ, ಅರ್ಧಾ ಬರದೆ.

ಆಮ್ಯಾಲ ಅಕಿ ಬಂದಳು.

ನಮ್ಮ ದಾದಾ ಕಿರುಬ ಅಂತಿದ್ದಿಲ್ಲ,
ಕುಂಟಸಾಹೇಬ ಅಂತಿದ್ದ.
ಹೆಸರು ಹಿಡದು ಕರದರ ತಿರುಗಿ ನೋಡತದ,
ಗವಿ ತೋರಿಸಿದ ಬೆರಳಿಗೆ ಹುಳಾ ಬೀಳತಾವ
ಅಂತ ತಾಂಡಾದ ಹುಡುಗೂರನ್ನೆಲ್ಲ ಹೆದರಿಸಿ ಇಟ್ಟಿದ್ದ.
ಬ್ಯಾಟಿ ಆಡತಿದ್ದ ಮನಷಾ. ಆದರೂ ಮರಿ ಇರೋ ಗವಿ ಕಡಿಂದ
ಬಾಯಿ ಹೊಲಕೊಂಡು ಬರತಿದ್ದ.
ಯಾರಿಗೂ ಹೇಳದ ಏಳು ಗವಿ
ಅವನ ಜೋಡಿನೇ ಮಣ್ಣಾದವು.
ಎಂಟನೇದು ನನಗ ತೋರಿಸಿದ್ದ,
ಬೆರಳಿಲೆ ಅಲ್ಲ, ಗದ್ದಲೆ.

ಆ ಗುಡ್ಡದ ಫೈಲು ಈಗ ಮೇಜಿನ ಮ್ಯಾಲ ಅದ.
ನಕಾಶೆದಾಗ ಅದಕ ಬಣ್ಣ ಇಲ್ಲ.
ಬರದಾರ: ಬರಡು, ಕಲ್ಲು, ನಿರುಪಯುಕ್ತ.
ಖಡಿ ಮಷೀನು ರಸ್ತೆ ದಂಡಿಗೇ ಬಂದು ನಿಂತದ.
ಜೀವಾ ಇದ್ದರ ತೋರಸ್ರಿ ಅಂದಾರ ಮ್ಯಾಲಿನವರು,
ಹುಣ್ಣಿವಿ ಲೆಕ್ಕ ಬರೂತನಕ ತಡದಾರ.

ಬ್ಯಾಟರಿ ಹಚ್ಚಲಿಲ್ಲ, ಬೆಳದಿಂಗಳೇ ಸಾಕಾತು:
ಗಿಡ್ಡ ಹಿಂದಗಾಲು, ಹಳೀ ಕಂಬಳಿಯಂಥ ಪಟ್ಟಿ,
ಮಗ್ಗಲದಾಗ ಎರಡು ಮರಿ. ಒಂದು
ತನ್ನ ನೆರಳಿಗೇ ಹೆದರಿ ಅವ್ವನ ಹೊಟ್ಟಿ ಕೆಳಗ ಹೊಕ್ಕಿತು.
ಹೊಲಸ ಪ್ರಾಣಿ, ಹೆಣಾ ಕೆದರತದ ಅಂತಾರ ಊರಾಗ.
ಕುಡಿಯೂದು ನೋಡಬೇಕಿತ್ತು ಅವರು,
ನಮ್ಮವ್ವ ಚಾ ಬಶಿಗೆ ಹಾಕಿ ಕುಡದಂಗ,
ಅವಸರ ಇಲ್ಲದ.

ಪೆನ್ನು ತಗದೆ. ಕೈ ನಡುಗಿತು, ಸುಳ್ಳು ಯಾಕ ಹೇಳಲಿ.
ದಾದಾ, ನಿನ್ನ ಕಾಲದಾಗ ಬಾಯಿ ಮುಚ್ಚಿದ್ರ ಗವಿ ಉಳೀತಿತ್ತು.
ಈಗ ಬಾಯಿ ಮುಚ್ಚಿದ್ರ ಗುಡ್ಡನೇ ಉಳೂದಿಲ್ಲ.

ಕಿರುಬ, ಹೆಣ್ಣು, ಒಂದು. ಮರಿ, ಎರಡು.
ಹೆಸರು ಹಿಡದೇ ಬರದೆ.
ಕೆಳಗ ಅಕಿ ಕತ್ತೆತ್ತಿ, ಖರೇನೇ,
ತಿರುಗಿ ನೋಡಿದಳು.

ಕಡೀ ಕಾಲಂ ಷರಾ.
ಗವಿ ಎಲ್ಲಿ ಅದ ಅಂತ ಕೇಳಿತ್ತು.
ಅದೊಂದು ಖಾಲಿ ಬಿಟ್ಟೀನಿ.
ಸಾಹೇಬರು ಬರಲಿ, ನಡಕೊಂಡು ಬರಲಿ,
ಆ ಬಂಡಿ ತನಕ ಕರಕೊಂಡು ಹೋಗಿ
ಗದ್ದಾ ಎತ್ತತೀನಿ.