ನೀಲಿ ಬಾಗಿಲು

ಲುಸಾಕಾದ ಮಾಟೆರೊ ಕೇರಿಯ ನಮ್ಮ ಆಸ್ಪತ್ರೆಗೆ
ಏಳು ಬಾಗಿಲು. ಆರು ಬೂದು, ಒಂದು ನೀಲಿ.
ನೀಲಿಯೊಳಗೆ ಯಾವ ಪರೀಕ್ಷೆಯೆಂದು
ನಲ್ಲಿಯ ಮುಂದೆ ಸಾಲುನಿಂತ ಕೊಡಗಳಿಗೂ ಗೊತ್ತು.

ನಾನು ನೆಲ ಒರೆಸುವವನು.
ಎದುರಿನ ಬೆಂಚಿನಲ್ಲಿ ಯಾರ ಚಿಕ್ಕಮ್ಮ
ಯಾವ ವಾರ ಕೂರುತ್ತಾಳೆಂದು ಬಲ್ಲೆ.

ನ್ಸೋಫ್ವಾ ಬರುತ್ತಾನೆ. ಇಪ್ಪತ್ತೊಂದು ವಯಸ್ಸು,
ಮಿನಿಬಸ್ಸಿಗೆ ಜೋತುಬಿದ್ದು ಊರೆಲ್ಲ ಕೂಗುವ ಗಂಟಲು
ಕೌಂಟರಿನಲ್ಲಿ ಒಣಗುತ್ತದೆ:
"ತಲೆನೋವು."
ಮೂರು ತಿಂಗಳಲ್ಲಿ ನಾಲ್ಕು ತಲೆನೋವು.
ಮಾತ್ರೆ ಜೇಬಿಗಿಳಿಸಿ, ನೀಲಿಯತ್ತ ಒಮ್ಮೆ ಕಣ್ಣು ಹಾಯಿಸಿ,
ಮಳೆ ಬಂದೀತೇನೋ ಎಂಬಂತೆ
ಬೇಸಿಗೆಯ ಬರಿ ಆಕಾಶ ನೋಡುತ್ತಾ ಹೋಗುತ್ತಾನೆ.

ಸ್ಟ್ಯಾಂಡಿನಲ್ಲಿ ಅವನಿಗೆ ಆರು ಹುಡುಗಿಯರಂತೆ.
ಆ ಲೆಕ್ಕ ಅವನದಲ್ಲ, ಗೆಳೆಯರು ತೊಡಿಸಿದ್ದು;
ತೆಗೆದರೆ ತಲೆಯೇ ಸಣ್ಣದಾಗುವ ಕಿರೀಟ.
"ಮುಂದಿನ ವರ್ಷ ಏನಾದರೂ ಆದರೆ?" ಅಂದೆ.
"ಮುಂದಿನ ವರ್ಷ ಯಾರ ಹತ್ತಿರ ಇದೆಯೋ
ಅವರನ್ನು ಕೇಳು," ಅಂದ.

ಮುಟಿಂಟಾ ಹಾಗಲ್ಲ, ನೇರ. ಕಡಲೆಕಾಯಿ ಹುರಿದು ಮಾರುವವಳು.
"ಕೋಣೆಯ ಬಾಡಿಗೆ ಕಟ್ಟುವವನು ಅವನು.
ಕಾಂಡೋಮ್ ಅಂದರೆ, ನಂಬಿಕೆ ಇಲ್ಲವಾ ಅಂತಾನೆ.
ನಂಬಿಕೆ ತಿಂಗಳಿಗೆ ಎಷ್ಟು ಕ್ವಾಚಾ, ಹೇಳು?"
ಅಳತೆಯ ಲೋಟದ ಮೇಲೆ ಅಂಗೈ ಸವರಿ
ಸಮ ಮಾಡುತ್ತಾ ಕೇಳಿದಳು.
ನನಗೆ ಗೊತ್ತಿರಲಿಲ್ಲ.

ಗೋಡೆಗೆ ಪೋಸ್ಟರು ಅಂಟಿಸಿದವನೂ ನಾನೇ:
ತಿಳಿದುಕೊಳ್ಳಿ, ಎಚ್ಚರವಾಗಿರಿ.
ತಿಳಿಯದವರು ಇಲ್ಲಿ ಯಾರಿದ್ದಾರೆ?

ಜೂನ್‌ನಲ್ಲಿ, ಆ ಒಂದು ಬಾಗಿಲಿಗೆಂದು
ಒಂದು ಡಬ್ಬ ನೀಲಿ ಬಂತು.
ಬಾಗಿಲು ಕುಡಿದದ್ದು ಕಾಲು ಭಾಗವೂ ಅಲ್ಲ.
ಶನಿವಾರ ರಾತ್ರಿ, ಕರೆಂಟಿಲ್ಲ,
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಉಳಿದ ಬಾಗಿಲುಗಳಿಗೂ ಬಳಿದೆ:
ಹಲ್ಲಿನ ಡಾಕ್ಟರು, ಬಾಣಂತಿ ವಾರ್ಡು, ಔಷಧಿ, ಕಚೇರಿ,
ಲಸಿಕೆ ಕೋಣೆ. ಸಾಮಾನು ಕೋಣೆಯ ಮೊಣಕಾಲಿನ ತನಕ
ಬಂದು ಬಣ್ಣ ಮುಗಿಯಿತು.

ಸೋಮವಾರ ಸಿಸ್ಟರ್ ಚಿಲುಫ್ಯಾ
ಅರ್ಧ ವಾರದ ಕೂಲಿ ಹಿಡಿದುಕೊಂಡರು.
ಬೈದದ್ದು ಮಾತ್ರ ಯಾಕೋ ಮೆಲ್ಲಗೆ.

ಗುರುವಾರ ನ್ಸೋಫ್ವಾ ಬಂದ. ಕೌಂಟರಿಗೆ ಹೋಗಲಿಲ್ಲ.
ಒಂದು ನೀಲಿಯನ್ನು ನೂಕಿದ:
ಒಳಗೆ ನನ್ನ ಬಕೆಟ್ಟು, ಪೊರಕೆ, ಒಣಗುತ್ತಿದ್ದ ಕಾಲುಚೀಲ.
ನಕ್ಕುಬಿಟ್ಟ. ಬೆಂಚೂ ನಕ್ಕಿತು, ಬೆಂಚಿನ ಮೇಲಿದ್ದ ಅವನ ಚಿಕ್ಕಮ್ಮನೂ.
ಆ ನಗುವಿನ ಮರೆಯಲ್ಲಿ ಆಮೇಲೆ ಯಾವ ಬಾಗಿಲು ತೆರೆಯಿತೋ
ಯಾರೂ ನೋಡಲಿಲ್ಲ.
ನಾನು ನೋಡಿದೆ. ಹೇಳುವುದಿಲ್ಲ.

ಮುಟಿಂಟಾ ಇನ್ನೂ ಬಂದಿಲ್ಲ.
ಅವಳ ಕೋಣೆಯ ಕೀಲಿ ಇನ್ನೊಬ್ಬರ ಜೇಬಿನಲ್ಲಿದೆ.
ಬಣ್ಣಕ್ಕೆ ತೆರೆಯುವ ಬಾಗಿಲಲ್ಲ ಅದು.