ಕೆಳಮನೆಯ ಕಾರ್ಡು

ಮೆಟ್ಟಿಲ ಬಾಗಿಲಿಗೆ ಚೀಟಿ ಅಂಟಿಸಿದ್ದರು.
ತುರ್ಕುವಿನಲ್ಲಿ ಜಗಳ ಶುರುವಾಗುವುದೇ ಹಾಗೆ, ಸದ್ದಿಲ್ಲದೆ,
ದುಂಡಗಿನ ಅಕ್ಷರಗಳಲ್ಲಿ:
“ಸಂಜೆ ಏಳರ ಮೇಲೆ ಯಾರೋ
ನನ್ನ ಸೆಲ್ಲೊದೊಳಗೆ ಬಾತುಕೋಳಿ ಬಿಡುತ್ತಿದ್ದಾರೆ.
ದಯವಿಟ್ಟು ಹಿಡಿದುಕೊಂಡು ಹೋಗಿ.
ರೌಹಾ ಲಿಂಡ್ರೂಸ್, ಎರಡನೇ ಮಹಡಿ.”

ಓದಿದೊಡನೆ ಗೊತ್ತಾಯಿತು, ಬಾತುಕೋಳಿ ನಾನೇ.

ಮೂವತ್ತು ವರ್ಷ ಹಡಗುಕಟ್ಟೆಯ ಕ್ರೇನುಗಳಿಗೆ ಕರೆಂಟು ಕೊಟ್ಟವನು
ಈಗ ಮೂರನೇ ಮಹಡಿಯಲ್ಲಿ ಮೈಕು ಹಿಡಿದು,
ಬಾಲ್ಕನಿಯಿಂದ ಬರ್ಚ್ ಮರದವರೆಗೆ ತಂತಿ ಎಳೆದು
ಯಾರಾದರೂ ಇದ್ದೀರಾ, ಯಾರಾದರೂ, ಎಂದು
ಇಡೀ ಭೂಗೋಳವನ್ನು ಕರೆಯುತ್ತೇನೆ.
ರಿಯೂನಿಯನ್ ಓಗೊಟ್ಟಿದೆ. ಫಾಕ್‌ಲ್ಯಾಂಡ್ ಓಗೊಟ್ಟಿದೆ.
ಕೆಳಗಿನವರ ಹೆಸರನ್ನು ಚೀಟಿಯಲ್ಲೇ ಮೊದಲು ಓದಿದ್ದು.
ರೌಹಾ ಎಂದರೆ ನಮ್ಮಲ್ಲಿ ಶಾಂತಿ.

ಬೂಟು ಬಿಚ್ಚಿ, ಅವರ ಜಮಖಾನದ ಮೇಲೆ ಮಂಡಿಯೂರಿ
ಆಂಪ್ಲಿಫೈಯರಿನ ಬೆನ್ನ ಹಿಂದೆ ತಲೆ ತೂರಿಸಿದೆ.
“ತಪ್ಪು ನಿಮ್ಮದಲ್ಲ, ಪೂರಾ ನನ್ನದೂ ಅಲ್ಲ.
ಸ್ಪೀಕರಿನ ಈ ತಂತಿ ಐದು ಮೀಟರು,
ನನ್ನ ಅಲೆಯ ಸರಿಯಾಗಿ ಕಾಲು ಪಾಲು.
ಗೋಡೆಗೆ ಕಿವಿ ಮಾತ್ರ, ಇದಕ್ಕೆ ಬಾಯಿಯೂ ಇದೆ.”
ಅವರು ನಗಲಿಲ್ಲ.
ತಂತಿಯನ್ನು ಕರಿಯ ಫೆರೈಟ್ ಬಳೆಯೊಳಗೆ ಸುತ್ತಿದೆ, ಏಳು ಸುತ್ತು.
ಹಸಿರುಗಟ್ಟಿದ ಸಾಕೆಟ್ಟು ಉಜ್ಜಿದೆ.
ಕಿಲುಬು ಕೂಡ ಕೇಳಿಸಿಕೊಳ್ಳುತ್ತದೆ.

ಒಪ್ಪಂದ ಹೀಗೆ:
ಮೇಲೆ ಹೋಗಿ ನಾನು ಮಾತಾಡುವುದು,
ಬಾತು ಬಂದರೆ ಅವರು ಪೊರಕೆಯ ಹಿಡಿಯಿಂದ
ಸೂರಿಗೆ ಒಂದು ಏಟು. ಬಾರದಿದ್ದರೆ ಎರಡು.

ಒಂದು, ಎರಡು, ಮೂರು, ಹೊರಗೆ ಹಿಮ ಬೆರೆತ ಮಳೆ, ಎಂದೆ.
ಢಬ್.
ಇಳಿದೆ. ಟರ್ನ್‌ಟೇಬಲ್ಲಿನ ತಂತಿಗೂ ಬಳೆ ತೊಡಿಸಿದೆ. ಹತ್ತಿದೆ.
ಢಬ್, ಆದರೆ ಮೆಲ್ಲಗೆ.
ಇಳಿದೆ. ಅಕ್ಕಿಕಾಳಿನಷ್ಟು ಕೆಪಾಸಿಟರೊಂದನ್ನು
ಒಳಬಾಗಿಲಿಗೇ ಬೆಸೆದೆ.
ಮತ್ತೆ ಹತ್ತಿ, ಕರೆದು, ಕಿವಿಗೊಟ್ಟು ಕೂತೆ.
ಅಷ್ಟರಲ್ಲಿ ಕಿರಿಬಾಟಿಯಿಂದ ಒಂದು ದನಿ,
ಹದಿನೆಂಟು ವರ್ಷ ಕಾದಿದ್ದೆ ಅದಕ್ಕೆ.
“ತಾಳಪ್ಪ ಸ್ವಲ್ಪ, ಕೆಳಗಿನವರು ಇನ್ನೂ ಹೇಳಿಲ್ಲ,” ಎಂದೆ.

ಢಬ್ ಢಬ್.

ಆಗ ಕಿರಿಬಾಟಿ ಹೊರಟುಹೋಗಿತ್ತು.

ಮಂಗಳವಾರ ನನ್ನ ಬಾಗಿಲ ಕಿಂಡಿಯಿಂದ ಕಾರ್ಡೊಂದು ಬಿತ್ತು.
ನಮ್ಮ ರೇಡಿಯೋದವರು ಒಬ್ಬರಿಗೊಬ್ಬರು ಬರೆಯುವ ಹಾಗೆಯೇ, ದಿನ, ವೇಳೆ:
“ಅಕ್ಟೋಬರ್ ಒಂಬತ್ತು, 7.40. ಬಾತು ಜೋರು.
ಹದಿಮೂರು, 8.05. ಬಾತಿಗೆ ನೆಗಡಿ.
ಇಪ್ಪತ್ತು. ಬಾತು ಬರಲಿಲ್ಲ. ಊರಲ್ಲಿರಲಿಲ್ಲವೇ?
ಮೊನ್ನೆಯಿಂದ ಸೆಲ್ಲೊ ಮಾತ್ರ.
ದೂರ: ಮೂರು ಮೀಟರು, ಕಾಂಕ್ರೀಟು.”

ಇಪ್ಪತ್ತರಂದು ನಾನು ಕಣ್ಣಿನ ಆಸ್ಪತ್ರೆಯಲ್ಲಿದ್ದೆ.
ಐದು ಖಂಡಗಳಲ್ಲಿ ಬೇರೆ ಯಾರೂ
ಅದನ್ನು ಬರೆದಿಟ್ಟುಕೊಂಡಿಲ್ಲ.

ರಿಯೂನಿಯನ್ನಿಗೂ ಫಾಕ್‌ಲ್ಯಾಂಡಿಗೂ ನಡುವೆ ಜಾಗ ಮಾಡಿ
ಗೋಡೆಗೆ ಮೊಳೆ ಹೊಡೆದೆ.
ಸುತ್ತಿಗೆಯ ಸದ್ದು ಸ್ವಲ್ಪ ಜೋರಾಯಿತೇನೋ,
ಕೆಳಗಿನಿಂದ, ಪೊರಕೆಯ ಹಿಡಿ,
ಒಂದು ಏಟು.