ಬಿರುಕಿನ ಲೆಕ್ಕ

ಮಂಗಳವಾರ ಬೆಳಗ್ಗೆ ಏಳಕ್ಕೆ
ಒಡೀಲ್ ವಾಸೆಲ್ ಟಾರ್ಚು ಹಿಡಿದು ಮೆಟ್ಟಿಲೇರುತ್ತಾಳೆ.
ಬೋವೆ ಪಟ್ಟಣ ಇನ್ನೂ ಕಣ್ಣುಜ್ಜುತ್ತಿದೆ.
ಸುರುಳಿ ಮೆಟ್ಟಿಲು; ನಡುವೆ ಸವೆದು
ಬೊಗಸೆಯಾಗಿ ಕುಳಿಬಿದ್ದ ಕಲ್ಲು.
ಕಿಸೆಯಲ್ಲಿ ನೋಟ್‌ಬುಕ್ಕು, ಮೊಂಡು ಪೆನ್ಸಿಲು,
ಅರ್ಧ ತಿಂದ ಸೇಬು.
ಎಡ ಮೊಣಕಾಲಲ್ಲಿ ಆಸ್ಪತ್ರೆಯವರಿಟ್ಟ ಉಕ್ಕು.

ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದೆ.
ಗಾಜು ಸೀಳಿದರೆ ಗೋಡೆ ಬಾಯಿಬಿಟ್ಟಿತೆಂದು ಅರ್ಥ.
ಸೀಳಿಲ್ಲ. ಬರೆಯುತ್ತಾಳೆ: ಮೌನ.
ಇಲಾಖೆಯ ನಮೂನೆಯಲ್ಲಿ ಆ ಪದಕ್ಕೆ ಜಾಗವಿಲ್ಲ,
ಸಂಜೆ ಕೂತು ಸೊನ್ನೆ ಎಂದು ತಿದ್ದುತ್ತಾಳೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು
ಈ ಊರಿನ ಬಿಷಪ್ಪರಿಗೆ ಯಾರೂ ಹೇಳಿರಲಿಲ್ಲ.
ಅಥವಾ ಹೇಳಿದ್ದರು, ಅವರು ಹಾಸಿಗೆಯನ್ನೇ
ನೆಟ್ಟಗೆ ನಿಲ್ಲಿಸಿಬಿಟ್ಟರು.
ಪಕ್ಕದ ಅಮಿಯೆನ್‌ನ ಕಮಾನಿಗಿಂತ ಮೂರಾಳು ಮೇಲೆ.
ಗೋಡೆಯನ್ನು ತೆಳ್ಳಗೆ, ಇನ್ನೂ ತೆಳ್ಳಗೆ ಮಾಡಿ
ಕಲ್ಲಿರಬೇಕಾದಲ್ಲಿ
ನೀಲಿ ಕೆಂಪು ಬೆಳಕನ್ನು ಹೊರೆ ಹೊರಲು ನಿಲ್ಲಿಸಿದರು.
ಹೊರಗೆ ಹಾರುಗಮಾನುಗಳು,
ಕುಡಿದು ತೂರಾಡುವವನನ್ನು ಮನೆಗೆ ನಡೆಸುವ
ಗೆಳೆಯರ ಮೊಣಕೈಗಳಂತೆ.

ಹನ್ನೆರಡು ವರ್ಷ ನಿಂತಿತು.
ಸಾವಿರದ ಇನ್ನೂರ ಎಂಬತ್ತನಾಲ್ಕು, ನವೆಂಬರ್, ಕತ್ತಲು:
ಛಾವಣಿ ಬಿತ್ತು.

ಆಗ ಗಾರೆ ಕಲಸುವವಳೊಬ್ಬಳು ಇದ್ದಿರಬೇಕು.
ಎರ್ಮೆಂಗಾರ್ಡ್ ಎಂದು ಒಡೀಲಳೇ ಹೆಸರಿಟ್ಟಿದ್ದಾಳೆ,
ಯಾವ ಕಡತದಲ್ಲೂ ಇಲ್ಲದ ಹೆಸರು.
ಸುಣ್ಣಕ್ಕೆ ಬೆರಳ ಸಂದು ಬೆಂದವಳು,
ಸದ್ದಿಗೆ ಬರಿಗಾಲಲ್ಲಿ ಬೀದಿಗೆ ಬಂದವಳು,
ನಿನ್ನೆಗಿಂತ ಆಕಾಶ ದೊಡ್ಡದಾದದ್ದು ಕಂಡು
ತನ್ನ ಗಾರೆಗೆ ಮರಳು ಹೆಚ್ಚಾಯಿತೆಂದು
ಸಾಯುವ ತನಕ ನಂಬಿದವಳು.

ಎರಡು ಕಂಬದ ನಡುವೆ ಇನ್ನೊಂದು ಕಂಬ ನೆಟ್ಟರು.
ಬುದ್ಧಿ ಬಂತೆಂದುಕೊಂಡರೆ, ಇಲ್ಲ.
ಮುನ್ನೂರು ವರ್ಷದ ಹೊತ್ತಿಗೆ ಮೊಮ್ಮಕ್ಕಳ ಮರಿಮಕ್ಕಳು
ನೆತ್ತಿಯ ಮೇಲೊಂದು ಗೋಪುರ ಕೂರಿಸಿದರು.
ಅದಕ್ಕೆ ನಾಲ್ಕೇ ವರ್ಷ ಆಯುಸ್ಸು.
ಹಬ್ಬದ ದಿನ, ಜನ ಮೆರವಣಿಗೆಗೆಂದು
ಆಗಷ್ಟೇ ಹೊರಗೆ ಕಾಲಿಟ್ಟಿದ್ದರು.
ಒಂದು ಜೀವವೂ ಹೋಗಲಿಲ್ಲ.
ಹಣದ ಚೀಲದ ತಳ ಮಾತ್ರ ಕಂಡಿತು.

ಅದಕ್ಕೇ ಇದು ತಲೆ ಮತ್ತು ತೋಳಿನ ದೇವಾಲಯ,
ಮೈ ಇಲ್ಲ.
ಮೈ ಇರಬೇಕಾದಲ್ಲಿ ಸಾವಿರ ವರ್ಷದ ಕುಳ್ಳ ಇಗರ್ಜಿ,
ಕೆಡವಲು ಗುರುತು ಹಾಕಿದ್ದದ್ದು,
ಕೆಡವಲು ದುಡ್ಡಿಲ್ಲದೆ ಬದುಕಿಕೊಂಡದ್ದು.

ಶಾಲೆಯ ಹುಡುಗನೊಬ್ಬ ಒಮ್ಮೆ ಕೇಳಿದ:
ಉಳಿದರ್ಧ ಎಲ್ಲಿ ಮೇಡಂ?
ಕಲ್ಲುಗಣಿಯಲ್ಲಿದೆ, ಅಂದಳು.
ಯಾರೂ ಇನ್ನೂ ಎಬ್ಬಿಸಿಲ್ಲ.

ಕಡಲ ಕಡೆಯಿಂದ ಗಾಳಿ ಬಂದರೆ
ಕಟ್ಟಡ ತೂಗುತ್ತದೆ; ಕಣ್ಣಿಗೆ ಕಾಣದು,
ಅಂಗೈಗೆ ಗೊತ್ತಾಗುತ್ತದೆ.
ಹಳೆಯ ಕಬ್ಬಿಣದ ಪಟ್ಟಿಗಳು ನೋಡಲು ಚೆಂದವಿಲ್ಲವೆಂದು
ಯಾವುದೋ ಕಾಲದಲ್ಲಿ ಕಳಚಿಸಿ,
ತೂಗಾಟಕ್ಕೆ ಬೆವತು,
ಮತ್ತೆ ಉಕ್ಕು ಬಿಗಿಸಿದರು.
ಒಡೀಲ್ ಮೊಣಕಾಲು ನೀವಿಕೊಂಡು ನಗುತ್ತಾಳೆ:
ನಾವಿಬ್ಬರೂ ಒಂದೇ ವಾರ್ಡಿನವರು.

ಈ ಮಂಗಳವಾರ ಏಳನೇ ಕಂಬದ ಬಳಿ
ಟಾರ್ಚಿನ ಬೆಳಕು ಗಾಜಿನ ಮೇಲೆ ಎರಡಾಯಿತು.
ಕೂದಲೆಳೆಯಷ್ಟು.
ಪೆನ್ಸಿಲು ತೆಗೆದಳು, ಬರೆಯಲಿಲ್ಲ.
ಹಲಗೆಯ ಮೇಲೆ ಕೂತು ಸೇಬು ಮುಗಿಸಿದಳು.
ಕೆಳಗೆ ಯಾರೋ ಕುರ್ಚಿ ಎಳೆದ ಸದ್ದು
ನಲವತ್ತೆಂಟು ಮೀಟರು ಹತ್ತಿ ಬಂತು,
ಸುಸ್ತಾಗಿ.

ಕಲ್ಲಿನ ಸಂದಿಗೆ ಬಾಯಿಟ್ಟು,
ಯಾರೂ ಇಲ್ಲವೆಂದು ಹಿಂದೆ ಮುಂದೆ ನೋಡಿ ಅಂದಳು:
ಇದು ನಿನ್ನ ಗಾರೆ ಅಲ್ಲ ಮಾರಾಯ್ತಿ,
ಗಾಳಿ.

ಆಮೇಲೆ ಕಚೇರಿಗೆ ಫೋನು ಮಾಡಿದಳು.
ಒಂಬತ್ತಕ್ಕೆ ತೆರೆಯುತ್ತದಂತೆ.